ವೈಫೈ ಪೆಟ್ಟಿಗೆ ಕೂರಿಸಿದರೆ ಸಾಲದು, ಕೋಣೆ ಕೋಣೆಯಲ್ಲೂ ಪರೀಕ್ಷಿಸಿ ಕೊಡಲಿ

ಮಾನ್ಯ ಸಂಪಾದಕರೇ,

ಮನೆಯ ವೈಫೈ ನಿಧಾನವಾಗಿದೆ ಎಂದು ದೂರು ಕೊಟ್ಟರೆ ನಮ್ಮ ರಾಯಚೂರಿನಲ್ಲಿ ಸಾಮಾನ್ಯವಾಗಿ ಸಿಗುವ ಉತ್ತರ, ದೊಡ್ಡ ಪ್ಲಾನ್ ಹಾಕಿಸಿಕೊಳ್ಳಿ ಎಂಬುದು. ಆ ಮಾತನ್ನು ನಂಬಿ ಎರಡು ತಿಂಗಳು ಹೆಚ್ಚಿನ ಹಣ ಕಟ್ಟಿದ ಮೇಲೆ, ಕೊರತೆ ಇದ್ದದ್ದು ಪ್ಲಾನಿನಲ್ಲಲ್ಲ, ವೈಫೈ ಪೆಟ್ಟಿಗೆ, ಅಂದರೆ ರೂಟರ್, ಕೂರಿಸಿದ ಜಾಗದಲ್ಲಿ ಎಂಬುದು ನಮಗೆ ಮನದಟ್ಟಾಯಿತು. ಇದೇ ತೊಂದರೆಯಲ್ಲಿರುವ ಹಲವು ಮನೆಗಳನ್ನು ಆಮೇಲೆ ಕಂಡಿದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ನಮ್ಮದು ಹಳೆಯ ಓಣಿಯಲ್ಲಿರುವ ಮಾಳಿಗೆ ಮನೆ. ಕಲ್ಲು ಮಣ್ಣಿನ ಗೋಡೆಗಳು ಎರಡಡಿ ದಪ್ಪ ಇವೆ. ಕಚೇರಿಯ ಕೆಲಸ ಮಾಡುವ ಮಗನಿಗೆ ಒಂದು ಲ್ಯಾಪ್‌ಟಾಪ್, ಸಂಜೆ ಆನ್‌ಲೈನ್ ಪಾಠ ಹೇಳುವ ಸೊಸೆಗೆ ಇನ್ನೊಂದು, ಸಿಇಟಿಗೆ ಓದುವ ಮೊಮ್ಮಗಳಿಗೆ ಒಂದು ಡೆಸ್ಕ್‌ಟಾಪ್, ಇವುಗಳ ಜೊತೆಗೆ ಎಲ್ಲರ ಮೊಬೈಲ್‌ಗಳು. ಇಷ್ಟಕ್ಕೂ ಒಂದೇ ಫೈಬರ್ ಸಂಪರ್ಕ. ಅದನ್ನು ಕೊಡಲು ಬಂದ ಹುಡುಗರು ತಲಬಾಗಿಲಿನ ಪಕ್ಕ, ಕರೆಂಟಿನ ಮೀಟರ್ ಇರುವ ಗೂಡಿನಲ್ಲೇ ಪೆಟ್ಟಿಗೆ ಕೂರಿಸಿ, ಅಲ್ಲೇ ನಿಂತು ಮೊಬೈಲಿನಲ್ಲಿ 100 ಎಂಬಿಪಿಎಸ್ (ಸೆಕೆಂಡಿಗೆ ಇಷ್ಟು ಮೆಗಾಬಿಟ್) ವೇಗ ತೋರಿಸಿ, ಸಹಿ ಹಾಕಿಸಿಕೊಂಡು ಹೊರಟರು. ಪಡಸಾಲೆ ದಾಟಿದ ಮೇಲೆ ಒಳಕೋಣೆಯಲ್ಲಿ ಸಿಗುತ್ತಿದ್ದದ್ದು ಆರು ಎಂಬಿಪಿಎಸ್ ಮಾತ್ರ. ಮೊಮ್ಮಗಳು ಓದುವ ಹಿಂದಿನ ಕೋಣೆಯಲ್ಲಿ ಅದೂ ಇರಲಿಲ್ಲ. 300 ಎಂಬಿಪಿಎಸ್ ಪ್ಲಾನಿಗೆ ಬದಲಾಯಿಸಿದ ಮೇಲೂ ಒಳಕೋಣೆಯ ಆರು ಏಳಾಯಿತೇ ಹೊರತು ಬೇರೇನೂ ಆಗಲಿಲ್ಲ.

ಪ್ಲಾನಿನ ವೇಗವೆಂದರೆ ಪೆಟ್ಟಿಗೆಯವರೆಗೆ ಬರುವ ವೇಗ. ಅಲ್ಲಿಂದ ಕಂಪ್ಯೂಟರ್‌ವರೆಗಿನ ದಾರಿ ರೇಡಿಯೋ ತರಂಗಗಳದ್ದು. ಮೊದಲ ದಾರಿಯನ್ನು ಎಷ್ಟು ಅಗಲ ಮಾಡಿದರೂ ಎರಡನೆಯದು ಇಕ್ಕಟ್ಟಾಗಿಯೇ ಉಳಿದರೆ ಪ್ರಯೋಜನವಿಲ್ಲ. ದೋಷ ಯಾವ ಕಡೆಗಿದೆ ಎಂದು ತಿಳಿಯಲು ತಜ್ಞರೂ ಬೇಕಿಲ್ಲ. ಒಂದು ಲ್ಯಾನ್ ಕೇಬಲ್ಲಿನಿಂದ ಲ್ಯಾಪ್‌ಟಾಪನ್ನು ನೇರವಾಗಿ ಪೆಟ್ಟಿಗೆಗೆ ಜೋಡಿಸಿ ವೇಗ ನೋಡಿದರೆ ಸಾಕು. ಕೇಬಲ್ಲಿನಲ್ಲಿ ಪೂರ್ತಿ ವೇಗ ಬಂದು ಕೋಣೆಯಲ್ಲಿ ಬಾರದಿದ್ದರೆ ತೊಂದರೆ ಮನೆಯೊಳಗಿನದು. ದೂರು ಸ್ವೀಕರಿಸುವವರು ಈ ಒಂದು ಪರೀಕ್ಷೆಯನ್ನು ಹೇಳಿಕೊಟ್ಟಿದ್ದರೆ ನಮ್ಮ ಎರಡು ತಿಂಗಳ ಹಣ ಉಳಿಯುತ್ತಿತ್ತು. ಅದರ ಜೊತೆಗೆ ಇನ್ನೊಂದು ಸಂಗತಿಯೂ ಆಗ ತಿಳಿಯಿತು. ಕಡಿಮೆ ಬೆಲೆಯ ಅನೇಕ ಪೆಟ್ಟಿಗೆಗಳ ಲ್ಯಾನ್ ಪೋರ್ಟ್‌ಗಳಿಗೆ 100 ಎಂಬಿಪಿಎಸ್ ಎಂಬುದೇ ಮಿತಿ. ಗಿಗಾಬಿಟ್ (1000 ಎಂಬಿಪಿಎಸ್) ಪೋರ್ಟ್ ಇಲ್ಲದ ಅಂಥ ಪೆಟ್ಟಿಗೆಗೆ ಕೇಬಲ್ ಜೋಡಿಸಿದ ಕಂಪ್ಯೂಟರ್‌ಗೆ 300ರ ಪ್ಲಾನಿನ ಮೂರನೇ ಒಂದು ಭಾಗವೂ ಪೂರ್ತಿಯಾಗಿ ತಲುಪುವುದಿಲ್ಲ.

ನಮ್ಮ ಭಾಗದ ಮನೆಗಳಿಗೆ ಈ ವಿಷಯ ಹೆಚ್ಚು ಮುಖ್ಯ. ವೈಫೈ ಮುಖ್ಯವಾಗಿ ಬಳಸುವುದು 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ತರಂಗಪಟ್ಟಿಗಳನ್ನು. ಮೊದಲನೆಯದು ದೂರ ಹೋಗುತ್ತದೆ, ಗೋಡೆಯನ್ನೂ ತಕ್ಕಮಟ್ಟಿಗೆ ದಾಟುತ್ತದೆ, ಆದರೆ ವೇಗ ಕಡಿಮೆ; ಎರಡನೆಯದು ವೇಗದ್ದು, ಆದರೆ ಗೋಡೆಗೆ ಬೇಗ ಸೋಲುತ್ತದೆ. ಕಲ್ಲಿನ ಗೋಡೆ, ಕಬ್ಬಿಣದ ಸರಳು ತುಂಬಿದ ಆರ್‌ಸಿಸಿ ಛಾವಣಿ, ಉಕ್ಕಿನ ಬೀರು, ನೀರಿನ ಟ್ಯಾಂಕ್, ಇವೆಲ್ಲ ತರಂಗಗಳನ್ನು ನುಂಗುತ್ತವೆ ಅಥವಾ ತಡೆಯುತ್ತವೆ. 2.4ರ ಪಟ್ಟಿಯನ್ನು ಲೈಸೆನ್ಸ್ ಇಲ್ಲದೆ ಬಳಸಲು ನಮ್ಮ ದೇಶದಲ್ಲಿ 2005ರಿಂದ ಅವಕಾಶವಿದೆ. ಈಗ ಅದು ಎಷ್ಟು ಕಿಕ್ಕಿರಿದಿದೆ ಎಂದರೆ ನಮ್ಮ ಪಡಸಾಲೆಯಲ್ಲಿ ಕುಳಿತರೆ ನೆರೆಹೊರೆಯ ಹತ್ತು ಹನ್ನೆರಡು ವೈಫೈ ಹೆಸರುಗಳು ಕಾಣಿಸುತ್ತವೆ. ಆ ಪಟ್ಟಿಯಲ್ಲಿ ಒಂದರ ಮೇಲೊಂದು ಬೀಳದ ಕಿರುದಾರಿಗಳು, ಅಂದರೆ ಚಾನೆಲ್‌ಗಳು 1, 6 ಮತ್ತು 11 ಎಂಬ ಮೂರೇ. ಅಕ್ಕಪಕ್ಕದವರು ಯಾವುದರಲ್ಲಿದ್ದಾರೆ ಎಂದು ನೋಡಿ ಬಿಡುವಾಗಿರುವುದನ್ನು ಆರಿಸಿಕೊಳ್ಳುವುದು ಐದು ನಿಮಿಷದ ಕೆಲಸ.

ಪರಿಹಾರವಾಗಿ ಅಂಗಡಿಯಲ್ಲಿ ನಮಗೆ ಮೊದಲು ತೋರಿಸಿದ್ದು ಪ್ಲಗ್ಗಿಗೆ ಚುಚ್ಚುವ ರಿಪೀಟರ್. ಅಗ್ಗದ ರಿಪೀಟರ್ ಒಂದೇ ಪಟ್ಟಿಯಲ್ಲಿ ಕೇಳಿಸಿಕೊಂಡು ಅದರಲ್ಲೇ ಮರಳಿ ಹೇಳಬೇಕಾದ್ದರಿಂದ ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಅದಕ್ಕೇ ಸರಿಯಾಗಿ ತಲುಪದ ತರಂಗವನ್ನು ಅದು ಮುಂದಕ್ಕೆ ಕಳಿಸುವುದಾದರೂ ಹೇಗೆ? ನಾವು ಅದನ್ನು ಬಿಟ್ಟು, ಪೆಟ್ಟಿಗೆಯಿಂದ ಒಳಕೋಣೆಯವರೆಗೆ ಜಂತಿಯ ಗುಂಟ ಹದಿನೆಂಟು ಮೀಟರ್ ಕ್ಯಾಟ್ 6 ಎಂಬ ಬಗೆಯ ಲ್ಯಾನ್ ಕೇಬಲ್ ಎಳೆಸಿದೆವು. ಈ ಕೇಬಲ್ 100 ಮೀಟರ್‌ವರೆಗೆ ವೇಗ ಕುಂದದೆ ಒಯ್ಯಬಲ್ಲದು. ಕರೆಂಟಿನ ತಂತಿ ಇರುವ ಪೈಪಿನಲ್ಲಿ ಮಾತ್ರ ಅದನ್ನು ಎಳೆಯಬಾರದು. ಕೇಬಲ್ಲಿನ ತುದಿಗೆ ಎರಡನೇ ರೂಟರ್ ಇಟ್ಟು ಅದನ್ನು ಆ್ಯಕ್ಸೆಸ್ ಪಾಯಿಂಟ್ ಎಂಬ, ವಿಳಾಸ ಹಂಚದೆ ವೈಫೈ ಮಾತ್ರ ಹರಡುವ ವಿಧಾನಕ್ಕೆ ಬದಲಾಯಿಸಿದೆವು. ಈ ಬದಲಾವಣೆಯನ್ನು ಮರೆಯುವ ಮನೆಗಳು ಬಹಳ. ಮನೆಯ ಪ್ರತಿ ಯಂತ್ರಕ್ಕೂ ಒಳವಿಳಾಸ ಹಂಚುವ ಕೆಲಸ ಒಂದೇ ಪೆಟ್ಟಿಗೆಯದಾಗಿರಬೇಕು. ಎರಡೂ ಹಂಚತೊಡಗಿದರೆ ಒಂದು ಕೋಣೆಯ ಕಂಪ್ಯೂಟರ್‌ಗೆ ಇನ್ನೊಂದು ಕೋಣೆಯ ಪ್ರಿಂಟರ್ ಕಾಣಿಸದಂತಹ ತೊಡಕುಗಳು ಹುಟ್ಟುತ್ತವೆ. ಎರಡಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಕೊಟ್ಟಿದ್ದರಿಂದ ಲ್ಯಾಪ್‌ಟಾಪ್ ಹಿಡಿದು ಕೋಣೆ ಬದಲಾಯಿಸಿದರೂ ಮತ್ತೆ ಜೋಡಿಸುವ ಕೆಲಸವಿಲ್ಲ. ಮೇಜಿನಿಂದ ಅಲುಗಾಡದ ಡೆಸ್ಕ್‌ಟಾಪಿಗೆ ವೈಫೈ ಯಾಕೆ ಎಂದು ಅದಕ್ಕೂ ಕೇಬಲ್ ಕೊಟ್ಟೆವು. ಸಿಇಟಿಯಲ್ಲಿ ಕಾಲೇಜು, ಕೋರ್ಸ್ ಆರಿಸುವ ಆಪ್ಷನ್ ಎಂಟ್ರಿಯ ಕೊನೆಯ ದಿನ ಮೊಮ್ಮಗಳು ಮನೆಯಲ್ಲೇ ಕುಳಿತು ಕೆಲಸ ಮುಗಿಸಿದಳು. ಈಗ ಮತ್ತೆ ಹಳೆಯ 100ರ ಪ್ಲಾನಿಗೇ ಮರಳಿದ್ದೇವೆ. ಒಂದು ವೀಡಿಯೊ ತರಗತಿಗೆ ಬೇಕಾಗುವುದು ಮೂರು ನಾಲ್ಕು ಎಂಬಿಪಿಎಸ್ ಆದ್ದರಿಂದ ಮೂರು ಕಂಪ್ಯೂಟರ್‌ಗಳ ಮನೆಗೆ ಅದು ಧಾರಾಳವಾಯಿತು.

ನಮ್ಮ ಜಿಲ್ಲೆಯ ಬಿಸಿಲನ್ನೂ ಸಂಪರ್ಕ ಕೊಡುವವರು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮನೆಬಳಕೆಯ ಹೆಚ್ಚಿನ ರೂಟರ್‌ಗಳ ಕೈಪಿಡಿಯಲ್ಲಿ ಅವು ಕೆಲಸ ಮಾಡುವ ಉಷ್ಣಾಂಶ ಸೊನ್ನೆಯಿಂದ 40 ಡಿಗ್ರಿ ಸೆಲ್ಸಿಯಸ್ ಎಂದು ಬರೆದಿರುತ್ತದೆ. ರಾಯಚೂರು, ಬಳ್ಳಾರಿಗಳಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಹೊರಗಿನ ಗಾಳಿಯೇ ಆ ಮಿತಿಯನ್ನು ದಾಟುತ್ತದೆ. ಅಂಥ ಊರಿನಲ್ಲಿ ಪೆಟ್ಟಿಗೆಯನ್ನು ಪಡುವಣ ಗೋಡೆಗೆ, ತಗಡಿನ ಛಾವಣಿಯ ಕೆಳಗೆ, ಗಾಳಿಯಾಡದ ಮರದ ಗೂಡಿನಲ್ಲಿ ಕೂರಿಸಿ, ಮೇಲೆ ದೂಳಿಗೆಂದು ಬಟ್ಟೆ ಹೊದಿಸಿದರೆ ಮಧ್ಯಾಹ್ನ ಎರಡಕ್ಕೆ ಸಂಪರ್ಕ ಕಡಿದು ಸಂಜೆ ತಾನಾಗಿ ಬರುವುದರಲ್ಲಿ ಆಶ್ಚರ್ಯವಿಲ್ಲ. ಕರೆಂಟ್ ಹೋದಾಗಲೂ ಹೀಗೆಯೇ. ಲ್ಯಾಪ್‌ಟಾಪಿನಲ್ಲಿ ಬ್ಯಾಟರಿ ಇರುತ್ತದೆ, ಪೆಟ್ಟಿಗೆಗೆ ಇರುವುದಿಲ್ಲ. ಸಾಮಾನ್ಯವಾಗಿ 12 ವೋಲ್ಟಿನಲ್ಲಿ ನಡೆಯುವ ಈ ಪೆಟ್ಟಿಗೆಗಳು ಬಹಳ ಕಡಿಮೆ ವಿದ್ಯುತ್ ಬಳಸುವುದರಿಂದ ಒಂದು ಚಿಕ್ಕ ಯುಪಿಎಸ್ ಅವನ್ನು ಕೆಲವು ಗಂಟೆ ನಡೆಸಬಲ್ಲದು. ಕೇಬಲ್ ಎಳೆಸಿ ಎರಡನೇ ರೂಟರ್ ಇಟ್ಟ ಮನೆಯವರು ಅದಕ್ಕೂ ಈ ವ್ಯವಸ್ಥೆ ಮಾಡಬೇಕಾಗುತ್ತದೆ.

ಭದ್ರತೆಯ ಮಾತನ್ನಂತೂ ಯಾರೂ ಎತ್ತುವುದಿಲ್ಲ. ನಮ್ಮ ಓಣಿಯ ಎಷ್ಟೋ ಮನೆಗಳ ವೈಫೈ ಪಾಸ್‌ವರ್ಡ್ ಯಜಮಾನರ ಮೊಬೈಲ್ ಸಂಖ್ಯೆಯೇ ಆಗಿದೆ. ಸಂಪರ್ಕ ಕೊಟ್ಟವರು ಹಾಕಿಹೋದದ್ದನ್ನು ಯಾರೂ ಬದಲಿಸಿಲ್ಲ. ಪೆಟ್ಟಿಗೆಯ ಒಳಸೆಟ್ಟಿಂಗ್‌ಗೆ ಹೋಗಲು ಬೇರೆಯೇ ಪಾಸ್‌ವರ್ಡ್ ಇರುತ್ತದೆ ಎಂಬುದು ಬಹಳ ಜನರಿಗೆ ತಿಳಿದಿಲ್ಲ. ನಮ್ಮ ಸಂಪರ್ಕವನ್ನು ಬಳಸಿ ಬೇರೆಯವರು ಅಪರಾಧ ಎಸಗಿದರೆ ವಿಚಾರಣೆ ಮೊದಲು ಬರುವುದು ಸಂಪರ್ಕ ಯಾರ ಹೆಸರಿನಲ್ಲಿದೆಯೋ ಅವರ ಬಾಗಿಲಿಗೆ. 2004ರಲ್ಲಿ ಬಂದ ಡಬ್ಲ್ಯುಪಿಎ2 ಅಥವಾ 2018ರಲ್ಲಿ ಬಂದ ಡಬ್ಲ್ಯುಪಿಎ3 ಎಂಬ ರಕ್ಷಣೆಯನ್ನು ಆರಿಸಿ, ಉದ್ದನೆಯ ಪಾಸ್‌ವರ್ಡ್ ಇಟ್ಟು, ಮನೆಗೆ ಬಂದವರಿಗೆ ಅತಿಥಿಗಳ ವೈಫೈ ಬೇರೆ ಮಾಡಿಕೊಡುವುದಕ್ಕೆ ಖರ್ಚು ಒಂದು ರೂಪಾಯಿಯೂ ಇಲ್ಲ.

ಆದ್ದರಿಂದ ಸಂಪರ್ಕ ಕೊಡುವ ಕಂಪನಿಗಳನ್ನು ನಾನು ಕೇಳಿಕೊಳ್ಳುವುದಿಷ್ಟು. ಸಹಿ ಹಾಕಿಸಿಕೊಳ್ಳುವ ಮೊದಲು ಮನೆಯವರು ಕಂಪ್ಯೂಟರ್ ಎಲ್ಲೆಲ್ಲಿ ಇಡುತ್ತಾರೆಂದು ಕೇಳಿ, ಆ ಪ್ರತಿ ಕೋಣೆಯಲ್ಲೂ ವೇಗ ಅಳೆದು ರಸೀದಿಯ ಮೇಲೆ ಬರೆದುಕೊಡಬೇಕು. ಪೆಟ್ಟಿಗೆ ಒಳಗೆ ಬೇಕೆಂದರೆ ಇನ್ನಷ್ಟು ಫೈಬರ್ ತರಬೇಕಾಗುತ್ತದೆ, ಅದನ್ನು ಮೂಲೆಗಳಲ್ಲಿ ಮುರಿದಂತೆ ಬಗ್ಗಿಸಲಾಗದು, ಹುಡುಗರಿಗೆ ದಿನಕ್ಕೆ ಹಲವು ಮನೆಗಳಿರುತ್ತವೆ ಎಂಬುದೆಲ್ಲ ನನಗೆ ಗೊತ್ತು. ಹೆಚ್ಚಿನ ಕೇಬಲ್ಲಿಗೆ ಹಣ ಕೇಳಲಿ, ಕೊಡುತ್ತೇವೆ, ಆದರೆ ಕೇಳುವ ಮೊದಲು ಹೇಳಲಿ. ಒಳಸೆಟ್ಟಿಂಗಿನ ಪಾಸ್‌ವರ್ಡ್ ಗ್ರಾಹಕರ ಕೈಗೆ ಸಿಗಬೇಕು. ನಮ್ಮ ಐಟಿಐ ಮತ್ತು ಪಾಲಿಟೆಕ್ನಿಕ್‌ಗಳು ಎಲೆಕ್ಟ್ರಿಷಿಯನ್ ಮಕ್ಕಳಿಗೆ ಲ್ಯಾನ್ ಕೇಬಲ್ ಎಳೆದು ತುದಿ ಕಟ್ಟುವುದನ್ನು ಚೆನ್ನಾಗಿ ಕಲಿಸಿದರೆ ಊರಿನಲ್ಲೇ ಅವರಿಗೆ ಕೆಲಸವಿದೆ. ಹೊಸ ಮನೆ ಕಟ್ಟಿಸುವವರು ಪ್ಲಾಸ್ಟರ್ ಆಗುವ ಮೊದಲೇ ಪ್ರತಿ ಕೋಣೆಗೂ ಒಂದೊಂದು ಖಾಲಿ ಪೈಪ್ ಬಿಡುವಂತೆ ಗೌಂಡಿಗೆ ಹೇಳಲಿ. ಆಮೇಲೆ ಗೋಡೆ ಒಡೆಯುವ ಖರ್ಚಿನ ಮುಂದೆ ಅದು ಏನೂ ಅಲ್ಲ.

ಪೆಟ್ಟಿಗೆಯನ್ನು ಎಲ್ಲಿ ಇಡಬೇಕು, ಪಾಸ್‌ವರ್ಡ್ ಹೇಗೆ ಬದಲಿಸಬೇಕು, ಕೇಬಲ್ಲಿನಿಂದ ವೇಗ ಹೇಗೆ ಪರೀಕ್ಷಿಸಬೇಕು ಎಂಬುದನ್ನು ಮನೆಯ ಹಿರಿಯರಿಗೂ ಅರ್ಥವಾಗುವ ಕನ್ನಡದಲ್ಲಿ ಒಂದೇ ಪುಟಕ್ಕೆ ಇಳಿಸಿ ನಾನೇ ಬರೆದಿಟ್ಟಿದ್ದೇನೆ. ಅದನ್ನು ಅಚ್ಚು ಹಾಕಿಸಿ ಹೊಸ ಸಂಪರ್ಕದ ಜೊತೆಗೆ ಹಂಚಲು ಒಪ್ಪುವ ಯಾವುದೇ ಕಂಪನಿಗೆ ಉಚಿತವಾಗಿ ಕೊಡುತ್ತೇನೆ.

ಇಂತಿ,
ನಿವೃತ್ತ ಪ್ರೌಢಶಾಲಾ ವಿಜ್ಞಾನ ಶಿಕ್ಷಕ,
ರಾಯಚೂರು