ನಾರೋಕ್‌ಗೆ ಹೊರಟಿರುವ ಮಗಳಿಗೆ

ಚಿರಂಜೀವಿ ಪುಟ್ಟಿಗೆ, ಅಪ್ಪನ ಆಶೀರ್ವಾದಗಳು.

ನಾಡಿದ್ದು ನೀನು ನೈರೋಬಿಯ ವಿಮಾನ ಹತ್ತುತ್ತೀಯ. ಅಲ್ಲಿಂದ ಕೀನ್ಯಾದ ನಾರೋಕ್ ಊರಿಗೆ ಹೋಗಿ ಮೂರು ತಿಂಗಳು ದನ ಸಾಕುವ ಮಾಸಾಯಿ ಜನರ ನಡುವೆ ಇರುತ್ತೇನೆಂದು ನೀನು ಹೇಳಿದ ರಾತ್ರಿ ನಾನು ಆಡಿದ ಮಾತುಗಳು ಇಬ್ಬರಿಗೂ ನೆನಪಿವೆ. ಅವನ್ನು ಮತ್ತೆ ಬರೆಯುವುದಿಲ್ಲ. ಬರೆಯಬೇಕಾಗಿರುವುದು ಆ ಚಿತ್ರದ ವಿಷಯ.

ಹಾಲಿನ ಸೋರೆಬುರುಡೆಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತ ಮಾಸಾಯಿ ಹೆಂಗಸಿನ ಚಿತ್ರ ಅದು. ಹನ್ನೊಂದು ರಾತ್ರಿ ನೀನು ಅದರಲ್ಲಿ ಮುಳುಗಿದ್ದುದನ್ನು ನಾನು ಬಾಗಿಲ ಮರೆಯಿಂದ ನೋಡಿದ್ದೇನೆ. ಕಾಗದವನ್ನು ಚೌಕಟ್ಟಿಗೆ ಬಿಗಿದು, ಬೋರಲಾಗಿ ಎತ್ತಿ ಹಿಡಿದು, ಕೆಳಗೆ ಸೀಮೆಎಣ್ಣೆಯ ಬುಡ್ಡಿದೀಪವನ್ನು ಒಂದು ಕ್ಷಣವೂ ನಿಲ್ಲಿಸದೆ ಆಡಿಸುತ್ತಿದ್ದೆ. ನಿಂತರೆ ಕಾಗದ ಸುಡುತ್ತದೆ. ತೆಳುವಾಗಿ ಕೂತ ಮಸಿ ಕಂದು ಬಣ್ಣಕ್ಕೂ ದಟ್ಟವಾಗಿ ಕೂತದ್ದು ಮಖಮಲ್ಲಿನ ಕಪ್ಪಿಗೂ ತಿರುಗುತ್ತಿತ್ತು. ಆಮೇಲೆ ಹಕ್ಕಿಯ ಗರಿಯಿಂದ ಮಸಿಯನ್ನು ಸವರಿ ಕೆನ್ನೆಯ ಬೆಳಕನ್ನು ಬಿಡಿಸಿದೆ. ಕೊರಳಿನ ಅಗಲವಾದ ಮಣಿಪಟ್ಟಿಯ ಒಂದೊಂದು ಮಣಿಯೂ ಸೂಜಿಮೊನೆಯಿಂದ ಮಸಿ ಕೆದಕಿ ತೆಗೆದ ಒಂದೊಂದು ಬಿಳಿ ಚುಕ್ಕೆ.

ಹನ್ನೆರಡನೆಯ ಬೆಳಗ್ಗೆ ನೀನು ಸ್ನಾನಕ್ಕೆ ಹೋಗಿದ್ದಾಗ ನಾನು ಒಳಗೆ ಬಂದು, ಇದು ನಿಜಕ್ಕೂ ಮಸಿಯೇ ಎಂದು ತಿಳಿಯಲು ಬಲಗೈಯ ತೋರುಬೆರಳನ್ನು ಆ ಕೆನ್ನೆಯ ಮೇಲೆ ಎಳೆದೆ. ಮಸಿ ಕದಲದಂತೆ ಹಿಡಿಸುವ ಸ್ಪ್ರೇಯನ್ನು ನೀನಿನ್ನೂ ಹೊಡೆದಿರಲಿಲ್ಲ. ಕೆನ್ನೆಯಿಂದ ಕಿವಿಯ ಓಲೆಯವರೆಗೆ ಒಂದು ಬಿಳಿಯ ಗೆರೆ ಎದ್ದಿತು. ಬೆರಳನ್ನು ಪಂಚೆಗೆ ಒರೆಸಿಕೊಂಡು ಹೊರಗೆ ಬಂದುಬಿಟ್ಟೆ. ಮಧ್ಯಾಹ್ನ ಬಡಿಸುವಾಗ ನಿನ್ನ ಕಣ್ಣು ಪಂಚೆಯ ಕಲೆಯ ಮೇಲೆ ನಿಂತದ್ದನ್ನು ಕಂಡೆ. ನೀನು ಕೇಳಿದ್ದು, "ಅಪ್ಪಾ, ಇನ್ನೊಂದು ಸೌಟು ಸಾರು ಹಾಕಲಾ?" ಎಂದು ಮಾತ್ರ. ಬೇಡವೆಂದೆ. ನೀನು ರೇಗಿದ್ದರೆ ನಾನು ಅಂದೇ ಕ್ಷಮೆ ಕೇಳುತ್ತಿದ್ದೆನೋ ಏನೋ. ಆದರೆ ಆ ಭಾರವನ್ನು ನಿನ್ನ ಮೇಲೆ ಹಾಕುವುದು ಸರಿಯಲ್ಲ. ತಪ್ಪು ನನ್ನದು. ನೀನು ಹಸುಗೂಸಾಗಿದ್ದಾಗ, ಅಜ್ಜಿ ಹರಳೆಣ್ಣೆಯ ದೀಪದ ಮೇಲೆ ಹಿತ್ತಾಳೆ ತಟ್ಟೆ ಕವುಚಿ ಹಿಡಿದ ಕಾಡಿಗೆಯಿಂದ ನಿನ್ನ ಕೆನ್ನೆಗೆ ದೃಷ್ಟಿಬೊಟ್ಟು ಇಡುತ್ತಿದ್ದದ್ದು ಇದೇ ಬೆರಳು. ಈ ಒಂದು ತಿಂಗಳಿಂದ ಊಟಕ್ಕೆ ಕುಳಿತಾಗಲೆಲ್ಲ ಅದು ಕಣ್ಣಿಗೆ ಬೀಳುತ್ತದೆ.

ಇಷ್ಟು ಬಣ್ಣಗಳಿರುವಾಗ ಹೊಗೆಯೇ ಏಕೆ ಎಂದು ನಾನು ಕೇಳಿದ್ದಕ್ಕೆ, ಮಾಸಾಯಿಗಳ ಹಾಲಿನಲ್ಲೇ ಹೊಗೆ ಇದೆ ಎಂದು ನೀನು ಹೇಳಿದ್ದೆ. ಆಗ ಅರ್ಥವಾಗಲಿಲ್ಲ, ಆಮೇಲೆ ಓದಿದೆ. ಕಾಡು ಆಲಿವ್ ಮರದ ಕೆಂಡದ ಕೊಳ್ಳಿಯಿಂದ ಹಾಲಿನ ಸೋರೆಬುರುಡೆಯ ಒಳಮೈಯನ್ನು ಉಜ್ಜಿ ಶುಚಿ ಮಾಡುತ್ತಾರೆ, ಆ ವಾಸನೆ ಹಾಲಿಗೆ ಇಳಿಯುತ್ತದೆ. ಹೆಂಗಸರೇ ಕೊಂಬೆ, ಮಣ್ಣು, ಸಗಣಿಯಿಂದ ಕಟ್ಟುವ ತಗ್ಗು ಮನೆಯ ಒಳಗೇ ಒಲೆ ಉರಿಯುತ್ತದೆ, ಬೆಳಕು ಬರುವುದು ಸಣ್ಣ ಕಿಂಡಿಯಿಂದ. ಶುಕಾ ಎಂಬ ಕೆಂಪು ಬಟ್ಟೆ ಹೊದೆಯುವ ಜನರನ್ನು ಕಪ್ಪಿನಲ್ಲಿ ಬರೆಯುವುದು ಅಶುಭವೆಂದೂ ನಾನು ಹೇಳಿದ್ದೆ. ಆದರೆ ಅವರ ದೇವರು ಎನ್‌ಕಾಯ್‌ಗೆ ಎರಡು ರೂಪಗಳಂತೆ: ಮಳೆ ಮತ್ತು ಹುಲ್ಲು ಕೊಡುವ ಕರುಣಾಮಯಿ ಕಪ್ಪು, ಮುನಿಯುವುದು ಕೆಂಪು. ನೀನು ಹೋಗುವ ಊರಿನ ಹೆಸರಿಗೂ ಕಪ್ಪು ಎಂದೇ ಅರ್ಥ.

1930ರ ದಶಕದಲ್ಲಿ ವೋಲ್ಫ್‌ಗಾಂಗ್ ಪಾಲೆನ್ ಎಂಬ ಚಿತ್ರಕಾರ ಮೇಣದಬತ್ತಿಯ ಹೊಗೆ ತಾನಾಗಿ ಮೂಡಿಸಿದ ಆಕಾರಗಳ ಜಾಡು ಹಿಡಿದು ಚಿತ್ರ ಬರೆದನೆಂದು ಓದಿದೆ. ನೀನು ಅದೇ ಹೊಗೆಯಿಂದ ಒಬ್ಬ ಹೆಂಗಸಿನ ಮುಖವನ್ನು ಮೂಡಿಸಿದೆ. ಇದನ್ನು ಗ್ರಂಥಾಲಯದಲ್ಲಿ ನನ್ನ ಗೆಳೆಯರಿಗೆಲ್ಲ ಹೇಳಿದ್ದೇನೆ, ನಿನಗೆ ಮಾತ್ರ ಹೇಳಿರಲಿಲ್ಲ.

ಆದರೆ ಹೊಗೆಗೆ ಕಲೆಯೆಂದೂ ಒಲೆಯೆಂದೂ ಭೇದವಿಲ್ಲ. ಅಜ್ಜಿಯ ಕೆಮ್ಮನ್ನು ನೀನು ಕೇಳಿ ಬೆಳೆದವಳು. ಮನೆಯೊಳಗಿನ ಹೊಗೆಯಿಂದ 2020ರ ಒಂದೇ ವರ್ಷದಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕಿಟಕಿ ತೆರೆದಿಟ್ಟು ಕೆಲಸ ಮಾಡು, ಮಾಸ್ಕ್ ಕಟ್ಟಿಕೋ, ಕೂದಲನ್ನು ಬಿಗಿಯಾಗಿ ಹೆಣೆದುಕೋ, ದೀಪದ ಪಕ್ಕದಲ್ಲಿ ಸ್ಪ್ರೇ ಹೊಡೆಯಬೇಡ. ಇನ್ನೊಂದು ಮಾತು. ಪ್ರವಾಸಿಗರು ನೋಡಬಯಸುವ ಕುಣಿತ ನೆಗೆತವನ್ನಷ್ಟೇ ಬರೆದು ಹಿಂತಿರುಗಬೇಡ. ಬ್ರಿಟಿಷರೊಂದಿಗಿನ 1904 ಮತ್ತು 1911ರ ಒಪ್ಪಂದಗಳಿಂದ ಒಳ್ಳೆಯ ಹುಲ್ಲುಗಾವಲುಗಳನ್ನೇ ಕಳೆದುಕೊಂಡ ಜನ ಅವರು. ಉತ್ತರದ ಲೈಕಿಪಿಯಾ ಪ್ರದೇಶದಿಂದ ದನಕರು ಹೊಡೆದುಕೊಂಡು ದಕ್ಷಿಣಕ್ಕೆ ನಡೆದವರು. ಯಾರ ಮುಖವನ್ನು ಬರೆಯುವ ಮೊದಲೂ ಅವರನ್ನು ಕೇಳು, ಬರೆದ ಮೇಲೆ ಅವರಿಗೇ ಮೊದಲು ತೋರಿಸು. ಕೇಳದೆ ಮುಟ್ಟಿದವನು ಹೇಳುತ್ತಿದ್ದಾನೆಂದು ಈ ಮಾತನ್ನು ತಳ್ಳಿಹಾಕಬೇಡ.

ಕಟ್ಟಿಟ್ಟ ಸಾಮಾನಿನಲ್ಲಿ ಆ ಚಿತ್ರ ಕಾಣಲಿಲ್ಲ. ಅದು ನಿನ್ನ ಕೋಣೆಯ ಗೋಡೆಗೆ ಒರಗಿದಂತೆಯೇ ಇದೆ, ಆ ಗೆರೆಯನ್ನು ನೀನು ತಿದ್ದಿಲ್ಲ. ಗಾಜು ಹಾಕಿಸಿ ಇಡಬೇಕೆಂದಿದ್ದೇನೆ. ಸ್ಪ್ರೇ ಹೊಡೆದಿದ್ದೀಯೋ ಇಲ್ಲವೋ ಗೊತ್ತಿಲ್ಲದೆ ಇನ್ನೂ ಮುಟ್ಟಿಲ್ಲ. ಹೊರಡುವ ಮುಂಚೆ ಅದೊಂದನ್ನು ಹೇಳಿ ಹೋಗು.

ಇಂತು,
ನಿನ್ನ ಅಪ್ಪ