ಭಾನುವಾರದ ಮಾತುಕತೆ: ರೋಮಿನ ಗುಲಾಮರ ದಿನಚರಿ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ 6 ಗಂಟೆಗೆ ಹಳೇ ರೋಮಿನ ಗುಲಾಮರ ಬಗ್ಗೆ ಮಾತಾಡೋಣ. ಚಕ್ರವರ್ತಿಗಳು, ಯುದ್ಧಗಳು ಈ ಸಲ ಬೇಡ.

ಬರುವ ಮುಂಚೆ ಗುಲಾಮರಿದ್ದ ಒಂದು ಕೋಣೆಯ ಫೋಟೋ ಹುಡುಕಿ ನೋಡಿ. ಇಟಲಿಯ ಹಳೇ ರೋಮನ್ ಊರು ಪಾಂಪೆಯ ಹೊರಗೆ, ಚಿವಿತಾ ಜುಲಿಯಾನಾ ಅನ್ನೋ ಜಾಗದಲ್ಲಿ 2021ರಲ್ಲಿ ಸಿಕ್ಕಿದ್ದು. ಬರೀ 16 ಚದರ ಮೀಟರ್. ಅಷ್ಟರಲ್ಲೇ ಹಗ್ಗ ಹೆಣೆದ ಮೂರು ಮರದ ಮಂಚ, ಮೂಲೆಯಲ್ಲಿ ಎಂಟು ಮಣ್ಣಿನ ಜಾಡಿ, ಕುದುರೆ ಸಾಮಾನಿನ ಪೆಟ್ಟಿಗೆ, ಮೇಲೆ ಒಂದು ಪುಟ್ಟ ಕಿಟಕಿ. ಉಗ್ರಾಣವೂ ಅದೇ, ಮಲಗೋ ಜಾಗವೂ ಅದೇ. ಒಂದು ಮಂಚದ ಉದ್ದ 1.4 ಮೀಟರ್ ಅಷ್ಟೇ. ಮಗು ಮಲಗುತ್ತಿತ್ತೇನೋ ಅಲ್ವಾ? ಅದನ್ನು ನೋಡಿದ ಮೇಲೆ ನನಗೆ ಬೇರೇನೂ ಓದಲು ಆಗಲಿಲ್ಲ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಸಿಡಿದಾಗ ಬೂದಿ ಎಲ್ಲ ಮುಚ್ಚಿತು. ಮರ ಕರಗಿ ಉಳಿದ ಟೊಳ್ಳಿಗೆ ಪ್ಲಾಸ್ಟರ್ ಸುರಿದು ಈ ಆಕಾರ ತೆಗೆದಿದ್ದಾರೆ.

ಪಾಂಪೆಯಲ್ಲೇ 2023ರಲ್ಲಿ ಒಂದು ಬೇಕರಿ ಸಿಕ್ಕಿತು. ಕಿಟಕಿಗೆ ಕಬ್ಬಿಣದ ಸರಳು, ಬೀದಿಗೆ ಬಾಗಿಲೇ ಇಲ್ಲ. ಕಣ್ಣು ಕಟ್ಟಿದ ಕತ್ತೆಗಳ ಜೊತೆ ಗುಲಾಮರೂ ಬೀಸುಕಲ್ಲು ತಿರುಗಿಸಬೇಕಿತ್ತು. ನೆಲದಲ್ಲಿ ಕೊರೆದ ಗೆರೆಗಳು ಹೆಜ್ಜೆ ತಪ್ಪದಂತೆ ಮಾಡಿದ್ದು.

ಎಲ್ಲರ ಪಾಡೂ ಒಂದೇ ಇರಲಿಲ್ಲ. ಗಣಿಗೆ ಬಿದ್ದವರದು ತೀರಾ ಕಷ್ಟ. ಲೆಕ್ಕ ಬರೆಯುವವರು, ಪಾಠ ಹೇಳುವವರು, ವೈದ್ಯರೂ ಗುಲಾಮರಲ್ಲಿದ್ದರು. ರೋಮಿನ ರಾಜಕಾರಣಿ ಸಿಸೆರೋನ ಬರಹಗಾರನಾಗಿದ್ದ ಗುಲಾಮ ಟೈರೋಗೆ ಕ್ರಿ.ಪೂ. 53ರಲ್ಲಿ ಬಿಡುಗಡೆ ಸಿಕ್ಕಿತು.

ದೊಡ್ಡ ಮಕ್ಕಳನ್ನೂ ಕರೆತನ್ನಿ. ಬರುವವರು ಶನಿವಾರದೊಳಗೆ ಇಲ್ಲೇ ಒಂದು ಮೆಸೇಜ್ ಹಾಕಿ.