ಮಕ್ಕಳ ಮೂಗಲ್ಲಿ ನ್ಯುಮೋಕಾಕಸ್ ಎಷ್ಟಿದೆ ಅಂತಾನೂ ಬರೀರಿ

ಮಾನ್ಯ ಸಂಪಾದಕರೇ,

ಮಕ್ಕಳ ನ್ಯುಮೋನಿಯಾ ಬಗ್ಗೆ ಸುದ್ದಿ ಬಂದಾಗೆಲ್ಲ "ಇಷ್ಟು ಪರ್ಸೆಂಟ್ ಮಕ್ಕಳ ಮೂಗಲ್ಲಿ ನ್ಯುಮೋಕಾಕಸ್ ಬ್ಯಾಕ್ಟೀರಿಯಾ ಸಿಕ್ಕಿದೆ" ಅಂತ ಒಂದು ಸಾಲು ಇದ್ದೇ ಇರತ್ತೆ, ಅದನ್ನ ಓದಿ ಅಪ್ಪ ಅಮ್ಮಂದಿರು ಗಾಬರಿ ಆಗ್ತಾರೆ. ಲ್ಯಾಬಲ್ಲಿ ಸ್ವಾಬ್ ನೋಡೋ ಕೆಲಸ ಮಾಡೋ ನನಗೆ ಆ ಸಾಲು ಅರ್ಧಕ್ಕೇ ನಿಂತಂಗೆ ಅನ್ಸತ್ತೆ. ಚಿಕ್ಕ ಮಕ್ಕಳ ಮೂಗಿನ ಹಿಂಭಾಗದಲ್ಲಿ ಈ ಬ್ಯಾಕ್ಟೀರಿಯಾ ಇರೋದು ತೀರಾ ಸಾಮಾನ್ಯ, ಬಹುಪಾಲು ಮಕ್ಕಳಿಗೆ ಏನೂ ಆಗಲ್ಲ, ಕೆಲವು ವಾರನೋ ತಿಂಗಳೋ ಇದ್ದು ತಾನಾಗೇ ಹೋಗತ್ತೆ, ಆಮೇಲೆ ಇದೇ ಬ್ಯಾಕ್ಟೀರಿಯಾದ ಇನ್ನೊಂದು ಟೈಪ್ ಬಂದು ಕೂರತ್ತೆ. ಅದಕ್ಕೇ ಯಾವ ಟೈಪು, ಎಷ್ಟಿದೆ ಅನ್ನೋದು ಗೊತ್ತಾಗಬೇಕು.

ಒಂದು ಮಗುವಿನ ಸ್ಯಾಂಪಲಲ್ಲಿ ಎಂಎಲ್‌ಗೆ ಸಾವಿರದ ಲೆಕ್ಕದಲ್ಲಿದ್ರೆ ಇನ್ನೊಂದರಲ್ಲಿ ಕೋಟಿ ದಾಟಿರಬಹುದು, ರಿಪೋರ್ಟಲ್ಲಿ ಮಾತ್ರ ಎರಡೂ ಬರೀ "ಪಾಸಿಟಿವ್". ಆಫ್ರಿಕಾ ಮತ್ತು ಏಷ್ಯಾದ 7 ದೇಶಗಳಲ್ಲಿ ಮಕ್ಕಳ ನ್ಯುಮೋನಿಯಾಗೆ ಕಾರಣ ಏನು ಅಂತ ಹುಡುಕಿದ ಪರ್ಚ್ ಅಧ್ಯಯನದವರು 2017ರಲ್ಲಿ ಹೇಳಿದ್ದು ಏನಂದ್ರೆ, ಪಿಸಿಆರ್ (ಬ್ಯಾಕ್ಟೀರಿಯಾದ ಜೀನ್ ಎಷ್ಟು ಕಾಪಿ ಇದೆ ಅಂತ ಎಣಿಸೋ ಟೆಸ್ಟ್) ಲೆಕ್ಕದಲ್ಲಿ ಎಂಎಲ್‌ಗೆ ಸುಮಾರು 80 ಲಕ್ಷ ಕಾಪಿಗಿಂತ ಜಾಸ್ತಿ ಇರೋದು, ನ್ಯುಮೋಕಾಕಸ್‌ನಿಂದಲೇ ನ್ಯುಮೋನಿಯಾ ಅಂತ ಖಚಿತ ಆದ ಮಕ್ಕಳಲ್ಲಿ ತುಂಬಾ ಹೆಚ್ಚು, ಆರೋಗ್ಯವಾಗಿರೋ ಮಕ್ಕಳಲ್ಲಿ ಕಡಿಮೆ. ಹಾಗಂತ ಆ ನಂಬರ್ ಒಂದನ್ನೇ ಇಟ್ಕೊಂಡು ಒಂದು ಮಗುಗೆ ಕಾಯಿಲೆ ಇದೆ ಅಂತ ಹೇಳೋಕಾಗಲ್ಲ, ಯಾಕಂದ್ರೆ ಬರೀ ನೆಗಡಿ ಬಂದ್ರೂ ಅದು ಏರತ್ತೆ. ಫ್ಲೂ, ಆರ್‌ಎಸ್‌ವಿ ತರದ ವೈರಸ್‌ಗಳು ಮೂಗಿನ ಒಳಪದರನ ಹಾಳು ಮಾಡಿ ಬ್ಯಾಕ್ಟೀರಿಯಾಗೆ ಅಂಟ್ಕೊಳ್ಳೋಕೆ ಜಾಗ, ತಿನ್ನೋಕೆ ಸಕ್ಕರೆ ಅಂಶ ಎರಡೂ ಒದಗಿಸ್ತವೆ, ಸಿಂಬಳ ಸುರಿಯೋದೂ ಜಾಸ್ತಿ ಆಗತ್ತೆ, ಹೀಗೆ ತುಂಬ್ಕೊಂಡಿರೋ ಮೂಗಿಂದಲೇ ಪಕ್ಕದ ಮಗುಗೆ ಹರಡೋ ಸಾಧ್ಯತೆ ಹೆಚ್ಚು.

ಟೈಪ್ ವಿಷಯಕ್ಕೆ ಬಂದ್ರೆ, ಇದರಲ್ಲಿ ಸುಮಾರು 100 ಸೀರೋಟೈಪ್ ಇವೆ, ಮೇಲಿನ ಸಕ್ಕರೆ ಹೊದಿಕೆ ಒಂದೊಂದರದ್ದೂ ಬೇರೆ. ಆ ಹೊದಿಕೆನ ಕಡಿಮೆ ಶಕ್ತಿ ಖರ್ಚಲ್ಲಿ ಮಾಡ್ಕೊಳ್ಳೋ ಟೈಪ್‌ಗಳು ದಪ್ಪ ಹೊದಿಕೆ ಹೊದ್ದು ಬಿಳಿ ರಕ್ತಕಣಗಳಿಂದ ತಪ್ಪಿಸ್ಕೊಂಡು ಮೂಗಲ್ಲಿ ಚೆನ್ನಾಗಿ ನೆಲೆ ಊರ್ತವೆ. 19ಎಫ್, 23ಎಫ್ ಅಂಥವು ಮಕ್ಕಳಿಗೆ ಹಾಕೋ ನ್ಯುಮೋಕಾಕಸ್ ವ್ಯಾಕ್ಸಿನ್ (ಪಿಸಿವಿ) ಬರೋಕೆ ಮುಂಚೆ ಸ್ವಾಬಲ್ಲಿ ಸಿಗ್ತಾನೇ ಇದ್ವು. ಟೈಪ್ 1 ಮೂಗಲ್ಲಿ ಸಿಗೋದೇ ಅಪರೂಪ, ಆದ್ರೂ ರಕ್ತಕ್ಕೆ ಇಳಿದು ಜೀವಕ್ಕೇ ಕುತ್ತು ತರೋದ್ರಲ್ಲಿ ಮುಂದೆ. ಹಾಗಾಗಿ ಮೂಗಲ್ಲಿ ಕಮ್ಮಿ ಕಂಡಿದ್ದು ಅಪಾಯ ಇಲ್ಲದ್ದು ಅಂತ ತಿಳ್ಕೊಳ್ಳೋದು ತಪ್ಪು.

ನನಗೆ ತುಂಬಾ ಬೇಜಾರಾಗೋದು ಇನ್ನೊಂದು ವಿಷಯಕ್ಕೆ. ಒಂದೇ ಮೂಗಲ್ಲಿ ಎರಡು ಮೂರು ಟೈಪ್ ಒಟ್ಟಿಗೆ ಇರೋದುಂಟು, ಒಂದು ತುಂಬಾ ಜಾಸ್ತಿ ಇನ್ನೊಂದು ಚೂರೇ ಚೂರು. ಮಾಮೂಲಿ ಕಲ್ಚರಲ್ಲಿ, ಅಂದ್ರೆ ಸ್ವಾಬಲ್ಲಿರೋ ಬ್ಯಾಕ್ಟೀರಿಯಾನ ಪ್ಲೇಟಲ್ಲಿ ಬೆಳೆಸೋವಾಗ, ಪ್ಲೇಟಿಂದ ಒಂದು ಕಾಲೊನಿ (ಒಂದೇ ಬ್ಯಾಕ್ಟೀರಿಯಾದಿಂದ ಬೆಳೆದ ಚುಕ್ಕೆ) ಎತ್ಕೊಂಡು ಟೈಪ್ ಮಾಡಿದ್ರೆ ಆ ಚೂರು ಕಾಣೋದೇ ಇಲ್ಲ. ವ್ಯಾಕ್ಸಿನ್ ಹಾಕಿದ ಮೇಲೆ ಅದರಲ್ಲಿರೋ ಟೈಪ್‌ಗಳು ಕಮ್ಮಿ ಆಗಿ ಖಾಲಿ ಜಾಗಕ್ಕೆ ವ್ಯಾಕ್ಸಿನಲ್ಲಿ ಇಲ್ಲದ ಟೈಪ್‌ಗಳು ಬರ್ತವೆ ಅನ್ನೋದು 2000ದಲ್ಲಿ ಮೊದಲ ಪಿಸಿವಿ ಬಂದಾಗಿಂದ ನೋಡಿರೋದೇ, ಆದ್ರೆ ಅವು ಹೊರಗಿಂದ ಹೊಸದಾಗಿ ಬಂದ್ವಾ ಇಲ್ಲಾ ಮೊದಲೇ ಚೂರು ಇದ್ದು ಈಗ ಬೆಳೆದ್ವಾ ಅಂತ ಒಂದು ಕಾಲೊನಿ ನೋಡಿ ಹೇಗೆ ಹೇಳೋದು? ವ್ಯಾಕ್ಸಿನ್ ಕೆಲಸ ಮಾಡ್ತಿಲ್ಲ ಅಂತ ಇದನ್ನೇ ತಿರುಚೋರೂ ಇದಾರೆ, ಅದು ಸುಳ್ಳು, ಬ್ಯಾಕ್ಟೀರಿಯಾ ಇರೋ ಮಕ್ಕಳ ಸಂಖ್ಯೆ ಒಟ್ಟಾರೆ ಅಷ್ಟೇನೂ ಇಳಿಯದ ಕಡೆನೂ ಮಕ್ಕಳಲ್ಲಿ ಗಂಭೀರ ಕಾಯಿಲೆ ಚೆನ್ನಾಗಿ ಇಳಿದಿದೆ.

ಇಂಥ ಸರ್ವೆ ಬಗ್ಗೆ ಮುಂದಿನ ಸಲ ಬರೆಯೋವಾಗ ನಿಮ್ಮ ವರದಿಗಾರರು ಮೂರು ಪ್ರಶ್ನೆ ಕೇಳಲಿ: ಎಂಎಲ್‌ಗೆ ಎಷ್ಟಿತ್ತು, ಒಂದು ಸ್ವಾಬಲ್ಲಿ ಎಷ್ಟು ಟೈಪ್ ಹುಡುಕಿದ್ರಿ, ಸ್ವಾಬ್ ತೆಗೆದಾಗ ಮಗುಗೆ ನೆಗಡಿ ಇತ್ತಾ. ಉತ್ತರ ಬಂದ್ರೆ ಪರ್ಸೆಂಟ್ ಪಕ್ಕದಲ್ಲೇ ಹಾಕಿ, ಆರೋಗ್ಯವಾಗಿರೋ ಮಗುವಿನ ಮೂಗಲ್ಲಿ ಇದು ಸಿಕ್ತು ಅಂತ ಆಂಟಿಬಯೋಟಿಕ್ ಬೇಕಾಗಲ್ಲ ಅನ್ನೋದನ್ನೂ ಸೇರಿಸಿ.

ಇಂತಿ,
ಒಬ್ಬ ಲ್ಯಾಬ್ ಟೆಕ್ನಿಶಿಯನ್